ಭಾರ ಸ್ಟ್ಯಾಂಡ್ ಹೊರಲಿ, ಗುರಿ ಹಿರಿಯರದ್ದೇ ಇರಲಿ

‘ಕೈ ನಡುಗುವ ವಯಸ್ಸಿನಲ್ಲಿ ಬಂದೂಕಿನ ಆಟ ಯಾಕೆ?’ ಎಂದು ಯಾರಾದರೂ ಕೇಳಿದರೆ ಉತ್ತರ ಹುಡುಕಿ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತೋ ಏನೋ. ಅಪಘಾತದ ನಂತರ ವೀಲ್‌ಚೇರ್‌ನಲ್ಲಿ ಬದುಕು ಕಟ್ಟಿಕೊಂಡವರು, ರೈಫಲ್‌ನ ಭಾರವನ್ನು ಕೈಗಳಲ್ಲಿ ಹೊರಲಾಗದವರು. ಹುಬ್ಬಳ್ಳಿ ಸ್ಪೋರ್ಟ್ಸ್ ಶೂಟಿಂಗ್ ಅಕಾಡೆಮಿಯಲ್ಲಿ ರವಿಚಂದ್ರ ಬಾಲೆಹೊಸೂರ ಅವರ ಬಳಿ ಕಲಿತ ಅವರು 2022ರಲ್ಲಿ ಫ್ರಾನ್ಸಿನ ಶಾತೊರು ಪಟ್ಟಣದಲ್ಲಿ ನಡೆದ ಪ್ಯಾರಾ ಶೂಟಿಂಗ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ರೈಫಲ್‌ನ ಚಿನ್ನ ಗೆದ್ದರು. ಎರಡು ವರ್ಷ ಕಳೆದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಶೂಟಿಂಗ್ ಸ್ಪರ್ಧೆಗಳು ನಡೆದದ್ದೂ ಅದೇ ಶಾತೊರುವಿನಲ್ಲಿ. ಅಲ್ಲಿಯೂ ಎರಡು ವಿಭಾಗಗಳಲ್ಲಿ ಭಾರತದ ಪರವಾಗಿ ಗುರಿ ಇಟ್ಟರು. ಫೈನಲ್ ಸಿಗಲಿಲ್ಲ. ಆದರೆ ಬಂದೂಕು ಎತ್ತಲಾಗದ ಒಬ್ಬರು ಬಂದೂಕಿನ ಆಟದಲ್ಲೇ ಅಲ್ಲಿಯವರೆಗೆ ಹೋದರಲ್ಲ, ನಮಗೆ ಅದು ಮುಖ್ಯ.

ಅವರು ಆಡುವ ವಿಭಾಗದ ಹೆಸರು ಎಸ್‌ಎಚ್‌2. ಇದರಲ್ಲಿ ರೈಫಲ್ ಒಂದು ಸ್ಟ್ಯಾಂಡಿನ ಮೇಲೆ ಕೂರುತ್ತದೆ. ಸ್ಟ್ಯಾಂಡ್ ಅಂದ ಕೂಡಲೇ ಬಂದೂಕನ್ನು ಅಲುಗದಂತೆ ಬಿಗಿದು ಇಟ್ಟಿರುತ್ತಾರೆ, ಇವರು ಟ್ರಿಗರ್ ಒತ್ತಿದರೆ ಮುಗಿಯಿತು ಅಂತ ಅಂದುಕೊಳ್ಳುತ್ತೇವೆ. ಹಾಗಲ್ಲ. ಆ ಸ್ಟ್ಯಾಂಡಿನ ತುದಿಯಲ್ಲಿ ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗ್ ಭಾರ ಹೊರುತ್ತದೆ, ಅಲುಗಾಟ ನಿಲ್ಲಿಸುವುದಿಲ್ಲ. ಉಸಿರು ಎಳೆದರೆ ನಳಿಕೆ ತೇಲುತ್ತದೆ, ಗಲ್ಲ ಸ್ವಲ್ಪ ಗಟ್ಟಿಯಾಗಿ ಒತ್ತಿದರೆ ಪಕ್ಕಕ್ಕೆ ಸರಿಯುತ್ತದೆ. ಗುಂಡು ತುಂಬಿಸಿಕೊಡಲು ಪಕ್ಕದಲ್ಲಿ ಒಬ್ಬರು ಇರಬಹುದು. ಆದರೆ 10 ಮೀಟರ್ ಆಚೆ ಇರುವ ಗುರಿಯ ನಡುಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ, ಸಾಸಿವೆ ಕಾಳಿಗಿಂತಲೂ ಸಣ್ಣದು. ಅದಕ್ಕೆ 60 ಸಲ ಹೊಡೆಯಬೇಕು. ಒಂದೊಂದು ಹೊಡೆತಕ್ಕೆ ಹೆಚ್ಚೆಂದರೆ 10.9 ಅಂಕ, ಒಟ್ಟು 654. ಇಷ್ಟನ್ನೂ ಯಾವ ಸ್ಟ್ಯಾಂಡೂ ಮಾಡಿಕೊಡುವುದಿಲ್ಲ ಮಾರಾಯ್ರೆ.

ನಮ್ಮ ಮಸೀದಿಗಳಲ್ಲಿ ಕುರ್ಚಿಗಳ ಸಾಲು ನೋಡಿದಾಗಲೆಲ್ಲ ನಮಗೆ ಈ ಸ್ಟ್ಯಾಂಡ್ ನೆನಪಾಗುತ್ತದೆ. ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಕಾಯಿಲೆಯಿದ್ದಾಗ, ನಿಂತು ನಮಾಝ್ ಮಾಡಲು ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಲಗಿಯಾದರೂ ನಿರ್ವಹಿಸುವಂತೆ ಪ್ರವಾದಿ(ಸ)ರು ತಿಳಿಸಿದ್ದು ಮದ್ರಸದ ಮಕ್ಕಳಿಗೂ ಗೊತ್ತಿರುವ ಹದೀಸ್. ಮೊಣಕಾಲು ಮಡಚಲಾಗದ ಹಿರಿಯರು ಕುರ್ಚಿಯಲ್ಲಿ ಕೂತು ಮಾಡಿದ ನಮಾಝ್ ಪೂರ್ಣ ನಮಾಝೇ. ಅಲ್ಲಿ ಯಾರಿಗೂ ಮುಜುಗರ ಇಲ್ಲ. ಅದೇ ಹಿರಿಯರು ಮಸೀದಿಯಿಂದ ಹೊರಗೆ ಬಂದರೆ ಮಾತ್ರ, ಏನನ್ನಾದರೂ ಆಸರೆ ಹಿಡಿದು ಮಾಡುವುದಕ್ಕಿಂತ ಮಾಡದಿರುವುದೇ ಮರ್ಯಾದೆ ಎಂದು ಸುಮ್ಮನಾಗುತ್ತಾರೆ.

ಕರಾವಳಿಯಿಂದ ಹುಬ್ಬಳ್ಳಿಗೆ ಬಂದು ಆಯುಷ್ಯವೆಲ್ಲ ಹಣ್ಣಿನ ವ್ಯಾಪಾರ ಮಾಡಿದ ಹಾಜಿಯವರೊಬ್ಬರ ಜೊತೆ ಅಸರ್ ಆದ ಮೇಲೆ ಈ ವಿಷಯ ಮಾತಾಡಿದೆವು. ಅವರ ಕನ್ನಡ ಈಗ ಪೂರಾ ಹುಬ್ಬಳ್ಳಿಯದ್ದು. “ಕೈ ನಡಗತಾವ್ರೀ ಉಸ್ತಾದ್. ಚಾದ ಕಪ್ಪ ಹಿಡಿಯೂದ ಕಷ್ಟ ಆಗೇತಿ, ಬಂದೂಕ ಎಲ್ಲಿಂದ ಹಿಡೀಲಿ?” ಅಂದರು. ಅಂಗಡಿ ಈಗ ಮಕ್ಕಳ ಕೈಯಲ್ಲಿದೆ. ಇವರು ಬೆಳಿಗ್ಗೆ ಹೋಗಿ ಒಂದು ಮೂಲೆಯಲ್ಲಿ ಕೂರುತ್ತಾರೆ, ಗಿರಾಕಿ ಬಂದರೆ ಮಕ್ಕಳೇ ಮುಂದಾಗುತ್ತಾರೆ. ಆದರೆ ರಾಶಿಯಿಂದ ಎತ್ತಿದ ಮಾವಿನಹಣ್ಣು ಎಷ್ಟು ತೂಗುತ್ತದೆ ಎಂದು ತಕ್ಕಡಿಗೆ ಹಾಕುವ ಮೊದಲೇ ಹೇಳುವ ಕಣ್ಣಳತೆ ಅವರಿಗೆ ಇವತ್ತಿಗೂ ಇದೆ. ಹೋಗಿರುವುದು ಕೈಯ ಬಲ. ಕಣ್ಣು, ತಾಳ್ಮೆ, ಅಂದಾಜು ಎಲ್ಲಿಗೂ ಹೋಗಿಲ್ಲ. ಕೈ ಸೋತಿತು ಅಂತ ಉಳಿದದ್ದನ್ನೂ ಮೂಲೆಗೆ ಇಟ್ಟುಬಿಟ್ಟಿದ್ದೇವೆ.

ಕೈ ನಡುಕ ಈ ಆಟದಲ್ಲಿ ಎಷ್ಟು ದೊಡ್ಡ ವಿಷಯ ಅಂತ ಲೆಕ್ಕ ಹಾಕಿ ನೋಡಬಹುದು. ಏರ್ ಪಿಸ್ತೂಲಿನ ಭಾರ ಒಂದೂವರೆ ಕಿಲೋ ಮೀರುವಂತಿಲ್ಲ, ಆದರೆ ಅದನ್ನು ಒಂದೇ ಕೈಯಲ್ಲಿ, ಕೈ ಪೂರ್ತಿ ಚಾಚಿ ಹಿಡಿಯಬೇಕು. ಹಿಂದಿನ ಸೈಟಿಗೂ ತುದಿಯ ಸೈಟಿಗೂ ನಡುವೆ ಸುಮಾರು ಒಂದು ಅಡಿಯ ಅಂತರ. ಇವೆರಡರ ಹೊಂದಿಕೆ ಒಂದೇ ಒಂದು ಮಿಲಿಮೀಟರ್ ತಪ್ಪಿದರೂ 10 ಮೀಟರ್ ಆಚೆ ಗುಂಡು ಸುಮಾರು ಮೂರು ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಪಿಸ್ತೂಲಿನ ಗುರಿಯಲ್ಲಿ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್. ಅಂದರೆ ಹತ್ತಕ್ಕೆ ಹೋಗಬೇಕಾದದ್ದು ಏಳರ ಗೆರೆಗೆ ಹೋಯಿತು ಅಂತ ಲೆಕ್ಕ. ರೈಫಲ್ ಆದರೆ ಐದೂವರೆ ಕಿಲೋವರೆಗೂ ಇರಬಹುದು, ಅದನ್ನು ನಿಂತು ಹೆಗಲಿಗೆ ಏರಿಸಬೇಕು. ಸೊಂಟ ನೋವಿನವರಿಗೆ, ಮೊಣಕಾಲಿನವರಿಗೆ ಅಲ್ಲಿಗೇ ಆಟ ಮುಗಿಯಿತು. ನಳಿಕೆಯ ಕೆಳಗೆ ಒಂದು ಆಸರೆ ಬಂದರೆ ಈ ಭಾರ, ಈ ಸೊಂಟ, ಈ ಮೊಣಕಾಲು ಲೆಕ್ಕದಿಂದ ಹೊರಗೆ ಹೋಗುತ್ತವೆ. ಉಳಿಯುವುದು ನೋಟ, ಉಸಿರು ಮತ್ತು ಬೆರಳು. ನಿಜವಾದ ಆಟ ಇರುವುದೂ ಆ ಮೂರರಲ್ಲೇ.

ಜರ್ಮನಿಯವರು ಇದನ್ನು ಹಿರಿಯರಿಗೆಂದೇ ಪ್ರತ್ಯೇಕ ಆಟವಾಗಿ ಬೆಳೆಸಿದ್ದಾರೆ. ಅಲ್ಲಿನ ಶೂಟಿಂಗ್ ಒಕ್ಕೂಟ 51 ವರ್ಷ ದಾಟಿದವರಿಗೆ ಆಸರೆಯ ಮೇಲಿಟ್ಟು ಹೊಡೆಯುವ ಏರ್ ರೈಫಲ್, ಏರ್ ಪಿಸ್ತೂಲ್ ಸ್ಪರ್ಧೆಗಳನ್ನು ರಾಷ್ಟ್ರಮಟ್ಟದವರೆಗೂ ನಡೆಸುತ್ತದೆ. ಬಂದೂಕನ್ನು ಬಿಗಿಯುವಂತಿಲ್ಲ, ಆಸರೆಯ ಮೇಲೆ ಸುಮ್ಮನೆ ಇಡಬೇಕು. 60ರ ಬದಲು 30 ಹೊಡೆತ. ಇನ್ನೂ ಹೆಚ್ಚು ವಯಸ್ಸಾದವರು ಸ್ಟೂಲಿನ ಮೇಲೆ ಕೂತು ಹೊಡೆಯಬಹುದು. ಇದು ಅಜ್ಜಂದಿರ ಕಾಲಹರಣ ಅಂತ ನಗುವ ಹಾಗಿಲ್ಲ. ಎಲ್ಲರಿಗೂ ಆಸರೆ ಇರುವುದರಿಂದ ಹತ್ತರೊಳಗೆ ಹೊಡೆಯುವುದು ಮಾಮೂಲು, ಸೋಲು ಗೆಲುವು ತೀರ್ಮಾನವಾಗುವುದು ದಶಾಂಶದ ಅಂಕಗಳಲ್ಲಿ.

ನಮ್ಮ ದೇಶದಲ್ಲಿ ಹಿರಿಯರಿಗೆ ಬಾಗಿಲು ಮುಚ್ಚಿಲ್ಲ. ರಾಷ್ಟ್ರೀಯ ರೈಫಲ್ ಸಂಸ್ಥೆಯ ಸ್ಪರ್ಧೆಗಳಲ್ಲಿ 45 ದಾಟಿದವರಿಗೆ ಮಾಸ್ಟರ್, 60 ದಾಟಿದವರಿಗೆ ಸೀನಿಯರ್ ಮಾಸ್ಟರ್ ಎಂಬ ವಿಭಾಗಗಳಿವೆ. ಆದರೆ ಅವರೂ ನಿಂತೇ, ಭಾರ ಹೊತ್ತೇ ಹೊಡೆಯಬೇಕು. ಇತ್ತ ಪ್ಯಾರಾ ವಿಭಾಗದಲ್ಲಿ ಸ್ಟ್ಯಾಂಡ್ ಇದೆ, ಕುರ್ಚಿ ಇದೆ, ಅದಕ್ಕೆ ವೈಕಲ್ಯದ ವರ್ಗೀಕರಣ ಆಗಬೇಕು. ವಯಸ್ಸಿನ ನಡುಕ, ವಯಸ್ಸಿನ ಮೊಣಕಾಲು ನೋವು ಅಂತ ಹೇಳಿದರೆ ಅಲ್ಲಿ ನಡೆಯುವುದಿಲ್ಲ. ಪಾರ್ಶ್ವವಾಯು ಬಡಿದು ಕೈ ಬಿದ್ದವರಿಗೆ ಆ ದಾರಿ ಇರಬಹುದು, ಅದನ್ನು ವೈದ್ಯರ ತಂಡ ನೋಡಿ ಹೇಳಬೇಕು. ಹಣ್ಣಿನಂಗಡಿಯ ನಮ್ಮ ಹಾಜಿಯವರಿಗೆ? ಅವರು ಎರಡೂ ಕಡೆ ಸಲ್ಲುವುದಿಲ್ಲ. ಅಂಥವರೇ ನಮ್ಮ ಮನೆಗಳಲ್ಲಿ ಹೆಚ್ಚು.

‘ಶೂಟರ್ ದಾದಿ’ ಎಂದೇ ಹೆಸರಾದ ಚಂದ್ರೋ ತೋಮರ್ ಅವರ ಕತೆ ಬಹಳ ಮಂದಿಗೆ ಗೊತ್ತು. ಉತ್ತರಪ್ರದೇಶದ ಬಾಗ್‌ಪತ್ ಜಿಲ್ಲೆಯ ಜೊಹ್ರಿ ಗ್ರಾಮದವರು. 65 ದಾಟಿದ ಮೇಲೆ, 1999ರಲ್ಲಿ, ಮೊಮ್ಮಗಳನ್ನು ರೈಫಲ್ ಕ್ಲಬ್ಬಿಗೆ ಕರೆದುಕೊಂಡು ಹೋದವರು ತಾವೂ ಪಿಸ್ತೂಲ್ ಎತ್ತಿ ಗುರಿಗೆ ಹೊಡೆದರು. ಅದನ್ನು ಕಂಡು ಬೆರಗಾಗಿ ಕಲಿಯಲು ಹುರಿದುಂಬಿಸಿದ ಕೋಚ್ ಹೆಸರು ಫಾರೂಕ್ ಪಠಾಣ್. ಊರವರು ನಗುತ್ತಾರೆಂದು ಮನೆಯಲ್ಲಿ ನೀರಿನ ಜಗ್ಗನ್ನು ಕೈಚಾಚಿ ಹಿಡಿದು ಅಭ್ಯಾಸ ಮಾಡುತ್ತಿದ್ದರಂತೆ. ಅವರ ಓರಗಿತ್ತಿ ಪ್ರಕಾಶಿ ತೋಮರ್ ಕೂಡ ಸೇರಿಕೊಂಡರು, ಇಬ್ಬರ ಮೇಲೆ 2019ರಲ್ಲಿ ಹಿಂದಿ ಸಿನಿಮಾ ಬಂತು. 2021ರ ಏಪ್ರಿಲ್‌ನಲ್ಲಿ ಕೊರೋನಾ ಕಾಲದಲ್ಲಿ ಚಂದ್ರೋ ತೀರಿಕೊಂಡರು. ಈ ಕತೆಯನ್ನು ಹಿರಿಯರಿಗೆ ಹುರುಪು ತುಂಬಲು ಎಲ್ಲರೂ ಹೇಳುತ್ತಾರೆ, ನಾವೂ ಹೇಳಿದ್ದೇವೆ. ಒಂದು ಮಾತು ಮಾತ್ರ ಬಿಟ್ಟುಹೋಗುತ್ತದೆ. ಅವರು ಹೊಲ, ಹೈನು, ಮೇವಿನ ಹೊರೆ ಎಂದು ಕೆಲಸ ಮಾಡಿ ಗಟ್ಟಿಯಾದ ಕೈಗಳವರು. ಆ ಕೈ ಇಲ್ಲದವರಿಗೆ ಬರೀ ಹುರುಪಿನ ಮಾತು ಸಾಲದು, ಒಂದು ಸ್ಟ್ಯಾಂಡ್ ಬೇಕು. ಸ್ವೀಡನ್ನಿನ ಆಸ್ಕರ್ ಸ್ವಾನ್ 1920ರ ಒಲಿಂಪಿಕ್ಸ್‌ನಲ್ಲಿ 72ರ ವಯಸ್ಸಿನಲ್ಲಿ ಶೂಟಿಂಗ್ ತಂಡದೊಂದಿಗೆ ಬೆಳ್ಳಿ ಗೆದ್ದದ್ದೂ ಹೀಗೇ, ಕೇಳಲು ಚೆನ್ನ. ಸಾವಿರಕ್ಕೊಬ್ಬರ ಕತೆ ಅದು.

ಹಿರಿಯರೂ ಗುರಿಯೂ ಎಂಬ ವಿಷಯ ನಮ್ಮ ಪರಂಪರೆಗೆ ಹೊಸದಲ್ಲ. ಉಕ್ಬಾ ಬಿನ್ ಆಮಿರ್(ರ) ಅವರು ವಯಸ್ಸಾದ ಮೇಲೂ ಎರಡು ಗುರಿಗಳ ನಡುವೆ ಓಡಾಡುತ್ತಾ ಬಾಣ ಬಿಡುವ ಅಭ್ಯಾಸ ನಡೆಸಿದ್ದರು. ಮುದುಕರಾದ ನಿಮಗೆ ಇದು ಕಷ್ಟವಲ್ಲವೇ ಎಂದು ಒಬ್ಬರು ಕೇಳಿದರು. ಬಿಲ್ವಿದ್ಯೆ ಕಲಿತು ಆಮೇಲೆ ಅದನ್ನು ಕೈಬಿಡುವುದನ್ನು ಪ್ರವಾದಿ(ಸ)ರು ಮೆಚ್ಚಲಿಲ್ಲ, ಆ ಮಾತು ಕೇಳಿರದಿದ್ದರೆ ತಾನು ಇಷ್ಟು ಪಾಡುಪಡುತ್ತಿರಲಿಲ್ಲ ಎಂಬ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ವರದಿ ಇದು. ಇದನ್ನು ಎಳೆದು ತಂದು ಏರ್ ರೈಫಲ್ ಆಡುವುದು ಸುನ್ನತ್ ಅಂತ ನಾವು ಹೇಳಹೊರಟಿಲ್ಲ, ಅಷ್ಟು ಧೈರ್ಯ ನಮಗಿಲ್ಲ. ಜೀವ ಇರುವುದನ್ನು ಗುರಿಯಾಗಿ ಕಟ್ಟಿ ಹೊಡೆಯುವುದನ್ನು ಅವರೇ ತಡೆದಿದ್ದಾರೆ ಎಂಬುದನ್ನೂ ಜೊತೆಗೇ ನೆನಪಿಡಬೇಕು. ಏರ್‌ಗನ್ ಸಿಕ್ಕಿತೆಂದು ಪಾರಿವಾಳ, ಕೊಕ್ಕರೆ ಹೊಡೆಯಲು ಹೋಗುವ ಹುಡುಗರಿಗೆ ಇದು ಹೇಳಲೇಬೇಕಾದ ಮಾತು. ಕಾಡುಹಕ್ಕಿಗಳನ್ನು ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಇನ್ನು ನಮ್ಮ ಮನೆಗಳ ದೊಡ್ಡ ಹೆದರಿಕೆಗೆ ಬರೋಣ. ಬಂದೂಕು ಎಂಬ ಪದ ಕೇಳಿದರೇ ಮನೆಯ ಹೆಂಗಸರು ‘ಅದೊಂದು ಬೇಡ’ ಅನ್ನುತ್ತಾರೆ. ಯಾರು ಏನು ಅಂದುಕೊಳ್ಳುತ್ತಾರೋ, ಯಾರು ಯಾವ ಕತೆ ಕಟ್ಟುತ್ತಾರೋ ಎಂಬ ಅಂಜಿಕೆ. ಆ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ, ಅದನ್ನು ನಗೆಯಾಡಿ ತಳ್ಳಿಹಾಕುವುದೂ ಸರಿಯಲ್ಲ. ಕಾನೂನು ಏನು ಹೇಳುತ್ತದೆ ಅಂತ ತಿಳಿದುಕೊಂಡರೆ ಅಂಜಿಕೆ ಸ್ವಲ್ಪ ಇಳಿಯುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ರೈಫಲ್‌ಗಳ ಶಕ್ತಿ ಅದರ ಅರ್ಧವೂ ಇರುವುದಿಲ್ಲ, ಸುಮಾರು ಏಳೂವರೆ ಜೂಲ್. ಆದರೂ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ, ಇದು ಆಟಿಕೆಯಲ್ಲ. ನಮ್ಮ ಸಲಹೆ ಇಷ್ಟೇ: ಹಿರಿಯರು ಸ್ವಂತ ಬಂದೂಕು ಕೊಳ್ಳುವ ಗೋಜಿಗೇ ಹೋಗುವುದು ಬೇಡ. ವಿದೇಶದಿಂದ ಬರುವ ಸ್ಪರ್ಧಾ ರೈಫಲ್ ಅಂದರೆ ಲಕ್ಷಗಳ ಮಾತು, ಅದು ಹೇಗೂ ನಮ್ಮಿಂದ ಆಗುವಂಥದ್ದಲ್ಲ. ನೋಂದಾಯಿತ ಕ್ಲಬ್ಬಿನಲ್ಲಿ, ಅಲ್ಲಿನ ಬಂದೂಕಿನಲ್ಲಿ, ಅಲ್ಲಿನ ಕೋಚ್ ಎದುರಿನಲ್ಲೇ ಆಡಲಿ. ಕೊಂಡವರು ಬಿಲ್ಲು, ಗುರುತಿನ ಚೀಟಿಯ ಪ್ರತಿ, ಕ್ಲಬ್ಬಿನ ಸದಸ್ಯತ್ವದ ಚೀಟಿ ಮೂರನ್ನೂ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಲಿ, ಪೆಟ್ಟಿಗೆಗೆ ಬೀಗ ಇರಲಿ. ಮೊಮ್ಮಕ್ಕಳು ಅಜ್ಜನ ಕೈಯಲ್ಲಿ ಬಂದೂಕು ಕೊಟ್ಟು ರೀಲ್ಸ್ ಮಾಡುವುದಂತೂ ಬೇಡವೇ ಬೇಡ.

ಕಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹಿರಿಯರು ಮೊದಲು ಹೇಳುವ ನೆಪವೇ ಅದು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಹತ್ತಿರಕ್ಕೂ ದೂರಕ್ಕೂ ಬೇಗ ಬೇಗ ಹೊಂದಿಕೊಳ್ಳುವುದಿಲ್ಲ. ಪಿಸ್ತೂಲಿನಲ್ಲಿ ಹಿಂದಿನ ಸೈಟ್, ಮುಂದಿನ ಸೈಟ್, ಗುರಿ ಮೂರೂ ಒಟ್ಟಿಗೆ ಸ್ಪಷ್ಟ ಕಾಣುವುದು ಹದಿನೆಂಟರ ಹುಡುಗನಿಗೂ ಸಾಧ್ಯವಿಲ್ಲ. ಮುಂದಿನ ಸೈಟ್ ಚೊಕ್ಕವಾಗಿ ಕಾಣಬೇಕು, ಗುರಿ ಮಂಜಾಗಿದ್ದರೆ ಅದೇ ಸರಿ. ಹಾಗಾಗಿ ಓದುವ ಕನ್ನಡಕ ಹಾಕಿಕೊಂಡು ಹೋದರೆ ಉಪಯೋಗವಿಲ್ಲ, ಅದು ಪುಸ್ತಕದ ದೂರಕ್ಕೆ ಮಾಡಿದ್ದು. ಪಿಸ್ತೂಲ್ ಹಿಡಿದು ಕೂತಾಗ ಕಣ್ಣಿನಿಂದ ಮುಂದಿನ ಸೈಟಿಗೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆಸಿ, ಆ ಅಳತೆಯನ್ನು ಬರೆದುಕೊಂಡು ಕಣ್ಣಿನ ಪರೀಕ್ಷೆಗೆ ಹೋಗಿ. ಆ ದೂರಕ್ಕೆ ಹೊಂದುವ ನಂಬರ್ ಕೊಡುತ್ತಾರೆ. ರೈಫಲ್‌ನಲ್ಲಿ ಸಣ್ಣ ತೂತಿನ ಮೂಲಕ ನೋಡುವುದರಿಂದ ಕಷ್ಟ ಕಡಿಮೆ. ಕಣ್ಣಿನ ಪೊರೆ ತೆಗೆಸಿಕೊಂಡವರು ಡಾಕ್ಟರ್ ಹೂಂ ಅಂದ ಮೇಲೆ ಆಡಬಹುದು.

ಬಿಪಿಯ ಗುಳಿಗೆಯ ಬಗ್ಗೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಇವೆಲ್ಲ ಎದೆಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಗುಂಪಿನ ಔಷಧಿಗಳು. ನಮ್ಮಲ್ಲಿ ಎಷ್ಟೋ ಹಿರಿಯರು ದಿನವೂ ನುಂಗುತ್ತಾರೆ. ಇವು ಕೈ ನಡುಕವನ್ನೂ ಇಳಿಸುವುದರಿಂದ ಶೂಟಿಂಗ್ ಸ್ಪರ್ಧೆಗಳಲ್ಲಿ ನಿಷೇಧಿತ ಮದ್ದಿನ ಪಟ್ಟಿಯಲ್ಲಿವೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಪಿಸ್ತೂಲಿನಲ್ಲಿ ಗೆದ್ದ ಎರಡು ಪದಕಗಳನ್ನು ಕಳೆದುಕೊಂಡದ್ದು ಪ್ರೊಪ್ರನೊಲಾಲ್‌ನಿಂದಲೇ. ಹಾಗಂತ ಆಟಕ್ಕಾಗಿ ಗುಳಿಗೆ ನಿಲ್ಲಿಸುವ ಹುಚ್ಚು ಯಾರೂ ಮಾಡಬಾರದು, ಏಕಾಏಕಿ ಬಿಟ್ಟರೆ ಹೃದಯಕ್ಕೆ ಅಪಾಯ. ವಾರಕ್ಕೊಮ್ಮೆ ಕ್ಲಬ್ಬಿಗೆ ಹೋಗಿ ಹೊಡೆದು ಬರುವವರಿಗೆ ಈ ಪಟ್ಟಿಯ ಚಿಂತೆ ಬೇಡ. ಸ್ಪರ್ಧೆಗೆ ಹೆಸರು ಕೊಡುವ ಮೊದಲು ಮಾತ್ರ ಡಾಕ್ಟರ ಚೀಟಿಯನ್ನು ಕೋಚ್‌ಗೆ ತೋರಿಸಿ ಕೇಳಿ.

ಏರ್‌ಗನ್ ಗುಂಡುಗಳು ಸೀಸದವು. ಮುಟ್ಟಿದ ಕೈಯಲ್ಲಿ ಬಿಸ್ಕಿಟ್ ತಿನ್ನುವುದು, ಚಾ ಕುಡಿಯುವುದು ಕೂಡದು. ಸಾಬೂನಿನಲ್ಲಿ ಕೈ ತೊಳೆದೇ ಮನೆಗೆ ಬಂದು ಮಕ್ಕಳನ್ನು ಎತ್ತಿಕೊಳ್ಳಿ. ನಳಿಕೆ ಮಡಚಿ ಗಾಳಿ ತುಂಬುವ ಹಳೆಯ ಮಾದರಿಯ ಏರ್‌ಗನ್‌ಗೆ ತೋಳಿನ ಬಲ ಬಹಳ ಬೇಕು, ಭುಜ ನೋವಿನವರು ಅದರ ತಂಟೆಗೆ ಹೋಗದಿರುವುದು ಒಳ್ಳೆಯದು. ಒತ್ತಡದ ಗಾಳಿಯ ಸಿಲಿಂಡರ್ ಇರುವ ರೈಫಲ್‌ಗೆ ಗುಂಡು ಹಾಕಿ ಮುಚ್ಚಳ ಸರಿಸಿದರೆ ಸಾಕು. ಹೆಗಲಿಗೆ ಒದೆಯೂ ಇಲ್ಲ, ದೊಡ್ಡ ಸದ್ದೂ ಇಲ್ಲ.

ಹುಬ್ಬಳ್ಳಿ ಧಾರವಾಡದಲ್ಲಿ ಇದನ್ನು ಶುರು ಮಾಡಲು ಏನು ಬೇಕು? ಕೈ ಎತ್ತಲಾಗದವರಿಗೆ ಗುರಿ ಇಡಲು ಕಲಿಸುವ ಅನುಭವ ಈ ಊರಿನಲ್ಲೇ ಇದೆ, ಅದನ್ನು ಶಾತೊರುವಿನವರೆಗೆ ಹೋಗಿ ತೋರಿಸಿಯೂ ಆಗಿದೆ. ವಾರದಲ್ಲಿ ಒಂದು ಬೆಳಿಗ್ಗೆ, ಹುಡುಗರು ಶಾಲೆ ಕಾಲೇಜಿಗೆ ಹೋದ ಹೊತ್ತಿನಲ್ಲಿ, ಶೂಟಿಂಗ್ ಕ್ಲಬ್ಬುಗಳು ಒಂದೆರಡು ಲೇನ್‌ಗಳನ್ನು ಹಿರಿಯರಿಗೆ ಬಿಟ್ಟುಕೊಡಬಹುದು. ಸ್ಪ್ರಿಂಗಿನ ಸ್ಟ್ಯಾಂಡೇ ಬೇಕೆಂದಿಲ್ಲ. ಬಡಗಿಯ ಕೈಯಲ್ಲಿ ಮೇಲೆ ಕೆಳಗೆ ಸರಿಯುವ ಒಂದು ಕಂಬ ಮಾಡಿಸಿ, ತಲೆಯಲ್ಲಿ ಅಡ್ಡಪಟ್ಟಿ ಇಟ್ಟು, ಅದಕ್ಕೆ ದಪ್ಪ ಬಟ್ಟೆ ಸುತ್ತಿದರೆ ಕಲಿಯಲು ಸಾಕು. ಪಿಸ್ತೂಲಿಗೂ ಅದೇ ನಡೆಯುತ್ತದೆ. ನಮ್ಮ ಜಮಾಅತ್‌ಗಳ ವಾರ್ಷಿಕ ಕ್ರೀಡಾಕೂಟದಲ್ಲಿ ಹಿರಿಯರಿಗೆ ಅಂತ ಇಡುವ ಮ್ಯೂಸಿಕಲ್ ಚೇರ್, ನಿಂಬೆಹಣ್ಣು ಚಮಚದ ಓಟ ನೋಡಿದರೆ ಕೆಲವೊಮ್ಮೆ ಬೇಜಾರಾಗುತ್ತದೆ. ಚಪ್ಪಾಳೆ ಹೊಡೆಯುತ್ತಾರೆ, ಆದರೆ ಅದು ಮಕ್ಕಳಿಗೆ ಹೊಡೆಯುವ ಚಪ್ಪಾಳೆ. ಇಲ್ಲಿ ಹಾಗಲ್ಲ, ಅಂಕ ಕಾಗದದ ಮೇಲೆ ಬೀಳುತ್ತದೆ, 9.8 ಅಂದರೆ 9.8.

ಮನೆಯ ಉಮ್ಮಂದಿರನ್ನೂ ಇದರಲ್ಲಿ ಮರೆಯಬಾರದು. ಕೂತು ಆಡುವ ಆಟ, ಓಟ ಇಲ್ಲ, ಬಿಗಿ ಉಡುಪು ಬೇಕಿಲ್ಲ, ಪರ್ದಾಕ್ಕೆ ಏನೂ ಅಡ್ಡಿಯಾಗುವುದಿಲ್ಲ. ಹೆಂಗಸರಿಗೆ ಬೇರೆ ಹೊತ್ತು ಕೊಡಿ ಅಂತ ನಾಲ್ಕೈದು ಮನೆಯವರು ಒಟ್ಟಾಗಿ ಕೇಳಿದರೆ ಯಾವ ಕ್ಲಬ್ಬಿನವರಿಗೂ ಅದು ಭಾರವಾಗಲಾರದು. ಸೂಜಿಗೆ ದಾರ ಪೋಣಿಸಿ, ಮಲ್ಲಿಗೆ ಕಟ್ಟಿ ಪಳಗಿದ ಬೆರಳಿಗೆ ಟ್ರಿಗರ್ ಮೆಲ್ಲಗೆ ಎಳೆಯುವುದನ್ನು ಹೆಚ್ಚು ಹೇಳಿಕೊಡಬೇಕಾಗಿ ಬರಲಾರದು.

ಮೊದಲ ದಿನ ಹೋಗುವಾಗ ನಿತ್ಯ ನುಂಗುವ ಗುಳಿಗೆಗಳ ಚೀಟಿ, ಹಾಕುವ ಕನ್ನಡಕ, ಬೆನ್ನಿಗೆ ಬೇಕಿದ್ದರೆ ಒಂದು ಸಣ್ಣ ದಿಂಬು ತೆಗೆದುಕೊಂಡು ಹೋಗಿ. ಸ್ಟ್ಯಾಂಡಿನ ಎತ್ತರಕ್ಕೆ ನೀವು ಬಾಗುವುದಲ್ಲ, ನಿಮ್ಮ ಎತ್ತರಕ್ಕೆ ಸ್ಟ್ಯಾಂಡ್ ಬರಬೇಕು. ಕೂತಲ್ಲಿಂದ ಕುತ್ತಿಗೆ ಮುಂದೆ ಚಾಚದೆ ಗಲ್ಲ ತಾನಾಗಿ ರೈಫಲ್‌ನ ಹಿಂಭಾಗಕ್ಕೆ ತಾಗಿದರೆ ಎತ್ತರ ಸರಿ ಇದೆ ಅಂತ ಅರ್ಥ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಏಳೆಂಟು ಸೆಕೆಂಡಿನೊಳಗೆ ಗುಂಡು ಹೋಗದಿದ್ದರೆ ಬೆರಳು ತೆಗೆದು ಪುನಃ ಉಸಿರಾಡಿ. ಬಿಪಿ ಇರುವವರು ಅದಕ್ಕಿಂತ ಹೆಚ್ಚು ಹೊತ್ತು ಉಸಿರು ಕಟ್ಟುವುದು ಬೇಡ. ಮೊದಲ ವಾರ ಹತ್ತು ಹೊಡೆತ ಸಾಕು.